ಹೆಳವರ ಪುಸ್ತಕದಲ್ಲಿ ಇಲ್ಲದ ಅಜ್ಜಿಯರು

ಹೆಳವರು ಮನೆಗೆ ಬಂದು ವಂಶ ಹೇಳುವುದನ್ನು ಕೇಳಿದವರು ನಮ್ಮ ತೆಂಗಿನ ಸೀಮೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬಂದು, ಜಗಲಿಯ ಮೇಲೆ ಹಳೆಯ ಪುಸ್ತಕ ಬಿಚ್ಚಿ, ಈ ಮನೆತನದ ಮೂಲಪುರುಷ ಯಾವ ಊರಿಂದ ಎದ್ದು ಬಂದ, ಕುಲದ ಕವಲಾದ ಬೆಡಗು ಯಾವುದು, ಅವನಿಗೆ ಗಂಡುಮಕ್ಕಳು ಎಷ್ಟು, ಅವರಲ್ಲಿ ಯಾರು ಎಲ್ಲಿ ನೆಲೆ ನಿಂತರು ಎಂಬುದನ್ನೆಲ್ಲ ರಾಗವಾಗಿ ಒಪ್ಪಿಸುತ್ತಿದ್ದರು. ಮನೆಯಲ್ಲಿ ಹೊಸದಾಗಿ ಹುಟ್ಟಿದ ಗಂಡುಮಗುವಿನ ಹೆಸರು ಸೇರಿಸಿಕೊಂಡು, ಕೊಟ್ಟ ಕಾಳು, ಕೊಬ್ಬರಿ, ದುಡ್ಡು ಪಡೆದು ಮುಂದಿನ ಮನೆಗೆ ಹೊರಡುತ್ತಿದ್ದರು. ಓದುಬರಹ ಇಲ್ಲದ ನೂರಾರು ಕುಟುಂಬಗಳಿಗೆ ಹಿರೀಕರ ಹೆಸರು ಉಳಿಸಿಕೊಟ್ಟವರು ಅವರು. ಆ ಉಪಕಾರ ಸಣ್ಣದಲ್ಲ.

ಆದರೆ ಆ ವಂಶಾವಳಿಯಲ್ಲಿ ಹೆಣ್ಣುಮಕ್ಕಳನ್ನು ಹುಡುಕಿದರೆ ಸಿಗುವುದು ಬಹಳ ಕಡಿಮೆ. ಸೊಸೆಯಾಗಿ ಬಂದವಳ ತವರು ಯಾವುದು, ಅವಳ ತಾಯಿ ಯಾರು, ಮಗಳಾಗಿ ಹುಟ್ಟಿದವಳು ಎಲ್ಲಿಗೆ ಹೋದಳು, ಅವಳ ಸಂತಾನ ಏನಾಯಿತು ಎಂಬುದನ್ನು ಕೇಳುವವರೂ ಇರಲಿಲ್ಲ, ಬರೆಯುವವರೂ ಇರಲಿಲ್ಲ. ಇದಕ್ಕೆ ಹೆಳವರನ್ನು ದೂರುವಂತಿಲ್ಲ. ಮನೆಯವರು ಏನನ್ನು ವಂಶ ಅಂದುಕೊಂಡರೋ ಅದನ್ನೇ ಅವರು ಬರೆದರು. ನಮ್ಮಲ್ಲಿ ಯಾರನ್ನಾದರೂ ಕೇಳಿ ನೋಡಿ: ಅಪ್ಪನ ಅಪ್ಪನ ಅಪ್ಪನ ಹೆಸರು ಬಾಯಿಗೆ ಬರುತ್ತದೆ. ಅಮ್ಮನ ಅಮ್ಮನ ಅಮ್ಮನ ಹೆಸರು ಕೇಳಿದರೆ ತಡವರಿಸುತ್ತಾರೆ.

ಯಾರೂ ಬರೆಯದೆ ಬಿಟ್ಟ ಈ ತಾಯಿಯ ಸಾಲು ನಮ್ಮೆಲ್ಲರ ಮೈಯಲ್ಲಿ ದಾಖಲಾಗಿದೆ. ನಮ್ಮ ಬಹುತೇಕ ಎಲ್ಲ ಜೀವಕೋಶಗಳೊಳಗೂ ಮೈಟೊಕಾಂಡ್ರಿಯಾ ಎಂಬ ಸಣ್ಣ ಕಣಗಳಿವೆ. ತಿಂದ ಅನ್ನವನ್ನು ಶಕ್ತಿಯಾಗಿ ಮಾರ್ಪಡಿಸುವುದು ಅವುಗಳ ಕೆಲಸ. ಕೋಶದ ಕೇಂದ್ರದಲ್ಲಿರುವ ಡಿಎನ್‌ಎ ಒಂದು ಕಡೆಯಾದರೆ, ಈ ಕಣಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಬೇರೆ ಇದೆ. ಅದರ ಉದ್ದ 16,569 ಅಕ್ಷರ, ಅದರಲ್ಲಿರುವ ವಂಶವಾಹಿಗಳು 37. ಇದನ್ನು ಮೊದಲ ಸಲ ಪೂರ್ತಿಯಾಗಿ ಓದಿದ್ದು 1981ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಕೇಂದ್ರದ ಡಿಎನ್‌ಎ ತಂದೆತಾಯಿ ಇಬ್ಬರಿಂದಲೂ ಬಂದು ಬೆರೆಯುತ್ತದೆ. ಮೈಟೊಕಾಂಡ್ರಿಯಾದ ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ. ತಾಯಿಯ ಅಂಡದಲ್ಲಿ ಇದರ ಲಕ್ಷಗಟ್ಟಲೆ ಪ್ರತಿಗಳಿರುತ್ತವೆ. ತಂದೆಯ ವೀರ್ಯಾಣುವಿನ ಜೊತೆ ಬರುವ ಒಂದಷ್ಟು ಕಣಗಳು ಗರ್ಭ ಕಟ್ಟಿದ ಮೇಲೆ ನಾಶವಾಗುತ್ತವೆ. ತಾಯಿ ಅದನ್ನು ಗಂಡುಮಕ್ಕಳಿಗೂ ಕೊಡುತ್ತಾಳೆ, ಹೆಣ್ಣುಮಕ್ಕಳಿಗೂ ಕೊಡುತ್ತಾಳೆ. ಮುಂದಿನ ತಲೆಗೆ ದಾಟಿಸುವುದು ಮಾತ್ರ ಹೆಣ್ಣುಮಕ್ಕಳು.

ಸಾವಿರಾರು ವರ್ಷಗಳಲ್ಲಿ ಈ ಡಿಎನ್‌ಎಯಲ್ಲಿ ಆಗೊಂದು ಈಗೊಂದು ಅಕ್ಷರ ಬದಲಾಗುತ್ತದೆ. ಹಾಗೆ ಬದಲಾದದ್ದು ಆ ತಾಯಿಯ ಮಗಳಿಗೆ, ಮಗಳ ಮಗಳಿಗೆ ಇಳಿಯುತ್ತ ಹೋಗುತ್ತದೆ. ಒಂದೇ ಬದಲಾವಣೆ ಹೊತ್ತವರೆಲ್ಲ ಎಂದೋ ಬದುಕಿದ್ದ ಒಬ್ಬ ಹೆಂಗಸಿನ ಸಂತತಿ. ಅಂಥವರನ್ನು ವಿಜ್ಞಾನಿಗಳು ಒಂದು ಹ್ಯಾಪ್ಲೋಗುಂಪಿಗೆ ಸೇರಿಸಿ ಎಂ, ಯು, ಸಿ, ಡಿ ಎಂದು ಅಕ್ಷರದ ಹೆಸರಿಡುತ್ತಾರೆ. 1987ರಲ್ಲಿ ಅಮೆರಿಕದ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್ ಮತ್ತು ಅಲನ್ ವಿಲ್ಸನ್ ಬೇರೆ ಬೇರೆ ಖಂಡಗಳ ಮೂಲದ 147 ಜನರ ಡಿಎನ್‌ಎ ಹೋಲಿಸಿ, ಈಗ ಬದುಕಿರುವ ಮನುಷ್ಯರೆಲ್ಲರ ತಾಯಿಸಾಲು ಸುಮಾರು 2 ಲಕ್ಷ ವರ್ಷಗಳ ಹಿಂದಿನ ಆಫ್ರಿಕಾದ ಒಬ್ಬ ಹೆಣ್ಣಿಗೆ ಹೋಗಿ ಸೇರುತ್ತದೆ ಎಂದು ತೋರಿಸಿದರು. ಅವರು ಬಳಸಿದ್ದು ಹೆಚ್ಚಾಗಿ ಹೆರಿಗೆಯಾದ ಮೇಲೆ ಬೀಳುವ ಮಾಸು. ನಮ್ಮಲ್ಲಿ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚುವ ಮಾಸಿನಿಂದಲೇ ಮನುಷ್ಯಕುಲದ ತಾಯಿಸಾಲು ಬೆಳಕಿಗೆ ಬಂತು.

ಈ ವಿದ್ಯೆ ಏನು ತಿಳಿಸಬಲ್ಲದು ಎಂಬುದಕ್ಕೆ ಸೈಬೀರಿಯಾದ ನೆನೆಟ್ಸ್ ಜನ ಒಳ್ಳೆಯ ಉದಾಹರಣೆ. ರಷ್ಯಾದ ಉತ್ತರ ಅಂಚಿನಲ್ಲಿ, ಯಮಲ್ ಪರ್ಯಾಯದ್ವೀಪದ ಸುತ್ತ ಹಿಮಸಾರಂಗದ ಹಿಂಡು ಹೊಡೆದುಕೊಂಡು ತಿರುಗುವ ಜನ ಅವರು. 2010ರ ಜನಗಣತಿಯಲ್ಲಿ ಅವರ ಸಂಖ್ಯೆ 44 ಸಾವಿರ ದಾಟಿತ್ತು. ಅವರ ಭಾಷೆ ಫಿನ್ನಿಶ್, ಹಂಗೇರಿಯನ್ ಭಾಷೆಗಳ ದೂರದ ಬಂಧು. ಅವರಲ್ಲೂ ಕುಲ ತಂದೆಯ ಕಡೆಯಿಂದ ಬರುತ್ತದೆ, ಸ್ವಕುಲದಲ್ಲಿ ಮದುವೆ ನಿಷಿದ್ಧ, ಹೆಣ್ಣು ಗಂಡನ ಡೇರೆಗೆ ಹೋಗುತ್ತಾಳೆ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವೈ ವರ್ಣತಂತುವನ್ನು ಅವರ ಗಂಡಸರಲ್ಲಿ ಪರೀಕ್ಷಿಸಿದರೆ ಬಹುತೇಕ ಎಲ್ಲವೂ ಎನ್ ಎಂಬ ಒಂದೇ ದೊಡ್ಡ ಗುಂಪಿನ ಕವಲುಗಳು. ತಾಯಿಸಾಲು ನೋಡಿದರೆ ಚಿತ್ರವೇ ಬೇರೆ. ಯುರೋಪಿನ ಕಡೆ ಕಾಣುವ ಎಚ್, ಯು4, ಯು5 ಇವೆ. ಪೂರ್ವ ಏಷ್ಯಾದ ಕಡೆ ಕಾಣುವ ಸಿ, ಡಿ ಕೂಡ ಇವೆ. ತಂದೆಯ ಸಾಲು ಒಂದೇ ದಿಕ್ಕಿಗೆ ಕೈ ತೋರಿದರೆ, ತಾಯಂದಿರ ಸಾಲು ಪೂರ್ವಪಶ್ಚಿಮ ಎರಡಕ್ಕೂ ತೋರುತ್ತದೆ.

ಅದೇ ಸೈಬೀರಿಯಾದಲ್ಲಿ ಪೂರ್ವಕ್ಕೆ, ತೈಮಿರ್‌ನ ನ್ಗಾನಾಸಾನ್ ಜನರಲ್ಲಿ ಸಿ, ಡಿ ಹೆಚ್ಚು. ಓಬ್ ನದಿಯ ಕಡೆಯ ಮಾನ್ಸಿ, ಯೆನಿಸೇ ನದಿಯ ಕೇಟ್ ಜನರಲ್ಲಿ ಯು4 ಗಟ್ಟಿಯಾಗಿದೆ. ಎ, ಸಿ, ಡಿ ಗುಂಪುಗಳ ಕವಲುಗಳು ಇನ್ನೂ ಪೂರ್ವಕ್ಕೆ ಸಾಗಿ ಅಮೆರಿಕ ಖಂಡ ಮುಟ್ಟಿವೆ. ಅಮೆರಿಕದ ಮೂಲನಿವಾಸಿಗಳ ಐದು ತಾಯಿಸಾಲುಗಳಲ್ಲಿ ಈ ಮೂರೂ ಸೇರಿವೆ. ಅಕ್ಷರ ಕಾಣದ, ಕಲ್ಲಿನ ಮೇಲೆ ಶಾಸನ ಕೊರೆಸದ ಹೆಂಗಸರು ಹಿಮದ ಬಯಲು ದಾಟಿ ಎಲ್ಲಿಂದ ಎಲ್ಲಿಗೆ ನಡೆದರು ಎಂಬುದನ್ನು ಅವರ ಮೊಮ್ಮಕ್ಕಳ ಮೈಯಿಂದಲೇ ಓದಿದ್ದಾಯಿತು.

ಗಂಡಸರು ಹುಟ್ಟಿದ ನೆಲೆಯಲ್ಲೇ ಉಳಿದು ಹೆಂಗಸರು ಮದುವೆಯಾಗಿ ಊರು ಬದಲಿಸುವ ಕಡೆ ನೆನೆಟ್ಸ್ ಜನರಲ್ಲಿ ಕಂಡಂತೆಯೇ ಆಗುತ್ತದೆ ಎಂದು 2001ರಲ್ಲಿ ಉತ್ತರ ಥಾಯ್ಲೆಂಡಿನ ಬೆಟ್ಟದ ಬುಡಕಟ್ಟುಗಳ ಅಧ್ಯಯನವೊಂದು ತೋರಿಸಿತು. ಹೆಣ್ಣು ಗಂಡನ ಮನೆಗೆ ಹೋಗುವ ಬುಡಕಟ್ಟುಗಳಲ್ಲಿ ತಾಯಿಸಾಲುಗಳು ಬಗೆಬಗೆಯಾಗಿದ್ದವು, ತಂದೆಸಾಲುಗಳು ಕಡಿಮೆ. ಗಂಡು ಹೆಂಡತಿಯ ಮನೆಗೆ ಹೋಗುವ ಬುಡಕಟ್ಟುಗಳಲ್ಲಿ ಇದು ತಿರುಗುಮುರುಗು. ಮದುವೆಯ ಪದ್ಧತಿ ಊರಿನ ರಕ್ತದಲ್ಲಿ ಗುರುತು ಬಿಡುತ್ತದೆ.

ಈ ಮಾತನ್ನು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ತಂದು ನೋಡಬೇಕು. ನಮ್ಮದೂ ಹೆಣ್ಣು ಗಂಡನ ಮನೆಗೆ ಹೋಗುವ ಸೀಮೆ. ಹುಳಿಯಾರಿನ ಕಡೆಯಿಂದ ನೊಣವಿನಕೆರೆಗೆ, ನೊಣವಿನಕೆರೆಯಿಂದ ಮಾಯಸಂದ್ರದ ಕಡೆಗೆ ಹೆಣ್ಣು ಕೊಡುವುದು, ತರುವುದು ತಲೆತಲಾಂತರದಿಂದ ನಡೆದಿದೆ. ಜಮೀನು, ತೋಟ, ಮನೆ, ಬೆಡಗು ಗಂಡಿನ ಕಡೆ ನಿಂತಲ್ಲೇ ನಿಂತವು. ಹಳ್ಳಿಯಿಂದ ಹಳ್ಳಿಗೆ ನಡೆದವರು ಹೆಣ್ಣುಮಕ್ಕಳು.

ಆದರೆ ನಮ್ಮಲ್ಲಿ ಒಂದು ವಿಶೇಷವಿದೆ. ಅದು ಸೋದರಿಕೆ ಸಂಬಂಧ. ಒಂದು ಮನೆಯ ಲೆಕ್ಕ ಹಾಕೋಣ. ತುರುವೇಕೆರೆ ಕಡೆಯ ಹೆಣ್ಣೊಬ್ಬಳು ತಿಪಟೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದಳು ಅನ್ನಿ. ಅವಳಿಗೊಬ್ಬ ಹಿರಿಮಗಳು, ಒಬ್ಬ ಕಿರಿಮಗ. ಇಬ್ಬರಲ್ಲೂ ತಾಯಿಯ ಮೈಟೊಕಾಂಡ್ರಿಯಾ ಇದೆ. ಮಗಳನ್ನು ಚಿಕ್ಕನಾಯಕನಹಳ್ಳಿ ಕಡೆಗೆ ಕೊಟ್ಟರು. ಅಜ್ಜಿಯ ಸಾಲು ಮಗಳ ಜೊತೆ ಅಲ್ಲಿಗೆ ಹೋಯಿತು. ಮಗ ಹೊರಗಿನ ಹೆಣ್ಣು ತಂದರೆ ಅವನ ಮಕ್ಕಳಿಗೆ ಬರುವುದು ಅವರ ತಾಯಿಯ ಸಾಲು. ಅಲ್ಲಿಗೆ ಅಜ್ಜಿಯ ಸಾಲು ತಿಪಟೂರಿನ ಆ ಮನೆಯಲ್ಲಿ ಮುಗಿದಂತೆ. ಅದೇ ಮಗ ಅಕ್ಕನ ಮಗಳನ್ನು ಮದುವೆಯಾದನು ಅನ್ನಿ. ಮನೆಗೆ ಬಂದ ಸೊಸೆ ಅತ್ತೆಗೆ ಮಗಳ ಮಗಳು. ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿದ ಸಾಲು ಹೊಸಿಲು ದಾಟಿ ಅದೇ ಮನೆಗೆ ಮರಳಿತು. ಹುಟ್ಟುವ ಮಕ್ಕಳಲ್ಲಿ ಅಜ್ಜಿಯ ಮೈಟೊಕಾಂಡ್ರಿಯಾವೇ ಇರುತ್ತದೆ, ಅವರ ಅಪ್ಪನಲ್ಲಿ ಇರುವುದೂ ಅದೇ.

ಸೋದರತ್ತೆಯ ಮಗಳನ್ನು ತಂದರೆ ಅಜ್ಜಿಯ ಸಾಲು ಒಂದು ತಲೆ ಬಿಟ್ಟು ಮರಳುತ್ತದೆ. ಮಗ ಹೊರಗಿನ ಹೆಣ್ಣು ತಂದಿದ್ದರೂ, ಮೊಮ್ಮಗ ಅತ್ತೆಯ ಮಗಳನ್ನು ಮದುವೆಯಾದರೆ ಮರಿಮಕ್ಕಳಲ್ಲಿ ಅದು ಮತ್ತೆ ಕಾಣುತ್ತದೆ. ಸೋದರಮಾವನ ಮಗಳನ್ನು ತಂದರೆ ಹಾಗಾಗುವುದಿಲ್ಲ. ಅವಳು ಹೊತ್ತು ತರುವುದು ಮಾವನ ಹೆಂಡತಿಯ, ಎಂದರೆ ಅತ್ತೆಯ ತವರಿನ ಸಾಲು. ಊರವರು ಮೂರನ್ನೂ ಸೋದರಿಕೆ ಎಂದು ಒಂದೇ ಬಾಯಲ್ಲಿ ಹೇಳಿದರೂ ತಾಯಿಸಾಲಿನ ಲೆಕ್ಕದಲ್ಲಿ ಮೂರೂ ಬೇರೆ ಬೇರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬೆಡಗಿನ ಲೆಕ್ಕದಲ್ಲಿ ಅಕ್ಕನ ಮಗಳು ಹೊರಗಿನವಳು. ಅವಳಿಗೆ ಅವಳ ಅಪ್ಪನ ಬೆಡಗು. ಅದಕ್ಕೇ ಈ ಮದುವೆಗೆ ಒಪ್ಪಿಗೆ. ತಾಯಿಯ ಲೆಕ್ಕದಲ್ಲಿ ಅವಳಷ್ಟು ಒಳಗಿನವಳು ಇನ್ನೊಬ್ಬಳಿಲ್ಲ. ಯಾರು ನಮ್ಮವರು, ಯಾರು ಹೊರಗಿನವರು ಎಂದು ತೀರ್ಮಾನಿಸಲು ನಾವು ಒಂದೇ ಅಳತೆ ಇಟ್ಟುಕೊಂಡು ಬಂದೆವು. ಇನ್ನೊಂದು ಅಳತೆ ಇದೆಯೆಂಬುದೇ ಮರೆಯಿತು.

ಈ ಸೋದರಿಕೆ ಪದ್ಧತಿ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಗಟ್ಟಿ ಆಧಾರವಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1942ರಲ್ಲೇ ಹಳೇ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಚರ್ಚಿಸಿದ್ದರು. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಲಕ್ಷಕ್ಕೂ ಹೆಚ್ಚು ಮಕ್ಕಳ ರಕ್ತ ತಪಾಸಣೆ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್ ಮತ್ತು ಅವರ ಜೊತೆಗಾರರು ಆ ಮಕ್ಕಳ ತಂದೆತಾಯಿ ಸಂಬಂಧಿಕರೇ ಎಂಬುದನ್ನೂ ಕೇಳಿ ಬರೆದುಕೊಂಡರು. ಸುಮಾರು ಮೂರನೇ ಒಂದು ಪಾಲು ಮದುವೆಗಳು ಸೋದರಿಕೆಯವು. ಅದರಲ್ಲೂ ಸೋದರಮಾವನನ್ನೇ ಮದುವೆಯಾದವರ ಪಾಲು ದೊಡ್ಡದು.

ಇದರ ಇನ್ನೊಂದು ಮುಖವನ್ನೂ ಮುಚ್ಚಿಡದೆ ಹೇಳಬೇಕು. ಸೋದರಮಾವ ಮತ್ತು ಅಕ್ಕನ ಮಗಳಿಗೆ ಹುಟ್ಟುವ ಮಗುವಿನಲ್ಲಿ ವಂಶವಾಹಿಗಳ ಎಂಟನೇ ಒಂದು ಪಾಲು ಒಬ್ಬರೇ ಹಿರಿಯರಿಂದ ಎರಡೂ ಕಡೆಯಿಂದ ಬಂದು ಜೋಡಿಯಾಗುವ ಸಂಭವವಿದೆ. ಅತ್ತೆಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಇದು ಹದಿನಾರನೇ ಒಂದು. ಮನೆತನದಲ್ಲಿ ಅಡಗಿ ಕೂತ ದೋಷವೊಂದು ಹೀಗೆ ಜೋಡಿಯಾದಾಗ ಹುಟ್ಟುಕಿವುಡಿನಂಥ ತೊಂದರೆ ಕಾಣಿಸಿಕೊಳ್ಳುತ್ತದೆ. ಇದು ಕೇಂದ್ರದ ಡಿಎನ್‌ಎಗೆ ಸೇರಿದ ವಿಚಾರ, ಇಬ್ಬರಿಂದಲೂ ಬರುವ ದೋಷ. ಮಗು ಹೀಗೆ ಹುಟ್ಟಿದಾಗ ತಾಯಿಯೊಬ್ಬಳ ಮೇಲೆ ದೂರು ಹೊರಿಸುವುದು ಅನ್ಯಾಯ ಮಾತ್ರವಲ್ಲ, ಸುಳ್ಳು. ಮೈಟೊಕಾಂಡ್ರಿಯಾದಿಂದಲೇ ಬರುವ ಕಾಯಿಲೆಗಳೂ ಇವೆ. ಹರೆಯದಲ್ಲಿ ಕಣ್ಣಿನ ನರ ಕುಂದಿಸುವ ಲೆಬರ್ ಕಾಯಿಲೆಗೆ ಕಾರಣ ಈ ಡಿಎನ್‌ಎಯಲ್ಲಿದೆ ಎಂದು 1988ರಲ್ಲಿ ಪತ್ತೆಯಾಯಿತು. ಅಂಥ ಕಡೆ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಅವರ ಮಕ್ಕಳ ಆರೋಗ್ಯದ ವಿವರ ಗೊತ್ತಿದ್ದರೆ ವೈದ್ಯರಿಗೆ ದಾರಿ ಸಿಗುತ್ತದೆ. ತಾಯಿಯ ಕಡೆಯ ವಂಶ ಬರೆದಿಡುವುದಕ್ಕೆ ಇದೊಂದೇ ಕಾರಣ ಸಾಕು.

ಇದೇ ಕರ್ನಾಟಕದಲ್ಲಿ ಘಟ್ಟ ಇಳಿದರೆ ಬೇರೆ ಲೆಕ್ಕವಿತ್ತು. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಬಂಟರು ಮತ್ತು ಇತರ ಹಲವು ಸಮುದಾಯಗಳವರು ಬಳಿಯನ್ನು, ಎಂದರೆ ಕುಲವನ್ನು, ತಾಯಿಯಿಂದ ಪಡೆಯುತ್ತಾರೆ. ಆಸ್ತಿಯೂ ತಾಯಿಯ ಸಾಲಿನಲ್ಲೇ ಇಳಿಯುತ್ತಿತ್ತು. ಅಲ್ಲಿ ಬಳಿಯ ಹೆಸರು ಇಳಿಯುವ ದಾರಿಯೂ ಮೈಟೊಕಾಂಡ್ರಿಯಾ ಇಳಿಯುವ ದಾರಿಯೂ ಒಂದೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಕಥೆ ಇನ್ನೂ ಮನಮುಟ್ಟುವಂಥದು. ಪೋರ್ಚುಗೀಸರ ಕಾಲದಲ್ಲಿ ಹಡಗಿನಲ್ಲಿ ಗುಲಾಮರಾಗಿ ತಂದಿಳಿಸಿದ ಆಫ್ರಿಕನ್ನರ ಸಂತತಿ ಅವರು. ಊರು, ಭಾಷೆ, ಹೆಸರು ಎಲ್ಲವನ್ನೂ ಕಳೆದುಕೊಂಡವರು. 2011ರಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ ವಿಜ್ಞಾನಿಗಳು ಪ್ರಕಟಿಸಿದ ಅಧ್ಯಯನ, ತಾಯಿಸಾಲು ತಂದೆಸಾಲು ಎರಡನ್ನೂ ಹಿಡಿದು, ಸಿದ್ದಿಗಳ ಬೇರು ಸಹಾರಾದ ದಕ್ಷಿಣಕ್ಕೆ, ಬಂಟು ಭಾಷೆಗಳನ್ನಾಡುವ ಜನರಲ್ಲಿದೆ ಎಂದು ತೋರಿಸಿತು. ಇಲ್ಲಿನ ನೆರೆಯ ಜನರೊಡನೆ ಅವರು ಬೆರೆತದ್ದು ಸುಮಾರು 200 ವರ್ಷಗಳಿಂದೀಚೆಗೆ, ಎಂಟು ತಲೆಮಾರಿನೊಳಗೆ. ಯಾವ ಮಾಲೀಕನೂ ಬರೆದಿಡದ ಊರಿನ ದಿಕ್ಕನ್ನು ಅವರ ಮೈ ಇಟ್ಟುಕೊಂಡಿತ್ತು.

ನಮ್ಮ ಸೀಮೆಯ ರೈತರಿಗೆ ತಾಯಿಯ ಕಡೆಯಿಂದ ವಂಶ ನೋಡುವುದು ಹೊಸದೇನಲ್ಲ. ತೋಟದಲ್ಲಿ ಅವರು ಮಾಡುವುದು ಅದನ್ನೇ. ತಿಪಟೂರು ಎತ್ತರದ ತಳಿಯ ಸಸಿ ಮಾಡುವಾಗ ಬಿತ್ತನೆ ಕಾಯಿಯನ್ನು ಸಿಕ್ಕ ಮರದಿಂದ ಇಳಿಸುವುದಿಲ್ಲ. ಇಪ್ಪತ್ತು ವರ್ಷ ದಾಟಿ ಹದಕ್ಕೆ ಬಂದ ಮರ, ತಲೆಯ ತುಂಬ ಮೂವತ್ತಕ್ಕೂ ಮೇಲೆ ಗರಿ, ಗೊನೆಯ ಕಾವು ಗಿಡ್ಡವಾಗಿ ಗಟ್ಟಿಯಾಗಿ ಇರಬೇಕು, ವರ್ಷ ತಪ್ಪದೆ ಕಾಯಿ ಕೊಟ್ಟಿರಬೇಕು. ಅಂಥದ್ದನ್ನು ಗುರುತಿಸಿ ತಾಯಿಮರ ಅನ್ನುತ್ತಾರೆ. ತಂದೆ ಯಾವುದೆಂದು ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಎತ್ತರದ ತೆಂಗಿನಲ್ಲಿ ಹೊಂಬಾಳೆ ಒಡೆದಾಗ ಗಂಡುಹೂವು ಮೊದಲು ಅರಳಿ ಉದುರುತ್ತವೆ. ಹೆಣ್ಣುಹೂವು ಹದಕ್ಕೆ ಬರುವ ಹೊತ್ತಿಗೆ ಆ ಹೊಂಬಾಳೆಯ ಪರಾಗ ಮುಗಿದಿರುತ್ತದೆ. ಗಾಳಿ, ಜೇನುಹುಳ ತಂದ ಪರಾಗ ಪಕ್ಕದ ತೋಟದ್ದೋ, ಕೆರೆಯಾಚೆಯ ತೋಟದ್ದೋ. ಹಾಗಾಗಿ ತೆಂಗಿನ ವಂಶವನ್ನು ನಾವು ತಾಯಿಯಿಂದ ಎಣಿಸಿದೆವು. ಮನುಷ್ಯರ ವಂಶ ಬರೆಯುವಾಗ ಮಾತ್ರ ತಾಯಿಯನ್ನು ಕೈಬಿಟ್ಟೆವು.

ಇಷ್ಟೆಲ್ಲ ಹೇಳಿದ ಮೇಲೆ ಈ ವಿದ್ಯೆಯ ಮಿತಿಯನ್ನೂ ಹೇಳಬೇಕು. ಹತ್ತು ತಲೆ ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1,024 ಹಿರಿಯರ ಸ್ಥಾನಗಳಿವೆ. ಸೋದರಿಕೆ ಇದ್ದ ಮನೆಗಳಲ್ಲಿ ಒಬ್ಬರೇ ಎರಡು ಮೂರು ಸ್ಥಾನದಲ್ಲಿ ಬರುವುದರಿಂದ ಜನ ಅದಕ್ಕಿಂತ ಕಡಿಮೆ. ಅಷ್ಟು ಮಂದಿಯಲ್ಲಿ ತಾಯಿಸಾಲಿನ ಪರೀಕ್ಷೆ ತಿಳಿಸುವುದು ಒಬ್ಬಳ ಬಗ್ಗೆ. ತಂದೆಸಾಲಿನ ಪರೀಕ್ಷೆ ತಿಳಿಸುವುದೂ ಒಬ್ಬನ ಬಗ್ಗೆ. ಇಂಥ ಒಂದು ಅಕ್ಷರ ಹಿಡಿದು ನಮ್ಮ ಕುಲ ಮೇಲು, ನಮ್ಮದು ಶುದ್ಧ ಎಂದು ಹೊರಟರೆ ಅದು ವಿಜ್ಞಾನಕ್ಕೆ ಮಾಡುವ ದ್ರೋಹ. ಭಾರತದ ತಾಯಿಸಾಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಂ ಎಂಬ ಒಂದೇ ಮಹಾಗುಂಪಿಗೆ ಸೇರುತ್ತವೆ. ಅದರ ಎಂ2 ಕವಲು ಈ ನೆಲದ ಅತಿ ಹಳೆಯ ಸಾಲುಗಳಲ್ಲೊಂದು. ಕಾಡಿನ ಬುಡಕಟ್ಟುಗಳಲ್ಲೂ ಊರಿನ ಜಾತಿಗಳಲ್ಲೂ ಬೇರೂರಿರುವುದು ಈ ನೆಲದ ಮೊದಲ ನಿವಾಸಿ ತಾಯಂದಿರ ಸಾಲು ಎಂದು 2003ರ ಪ್ರಮುಖ ಅಧ್ಯಯನವೊಂದು ಹೇಳಿತು. ಪಂಕ್ತಿಯಲ್ಲಿ ಬೇರೆ ಬೇರೆ ಕೂರಿಸಿದವರ ಅಜ್ಜಿಯರು ಹಿಂದೆ ಹೋದಂತೆ ಅಕ್ಕತಂಗಿಯರಾಗುತ್ತಾರೆ.

ಈಗ ನಾವು ಮಾಡಬಹುದಾದದ್ದೇನು? ಪ್ರಯೋಗಾಲಯಕ್ಕೆ ಎಂಜಲು ಕಳಿಸಿ ದುಡ್ಡು ಸುರಿಯಬೇಕಿಲ್ಲ. ಅಲ್ಲಿಂದ ಬರುವ ಉತ್ತರ ಸಾವಿರಾರು ವರ್ಷ ಹಿಂದಿನ ಒಂದು ಗುಂಪಿನ ಅಕ್ಷರ. ನಿಮ್ಮ ಅಜ್ಜಿಯ ತಾಯಿಯ ಹೆಸರು, ಅವಳ ತವರೂರು, ಅವಳು ಹೆತ್ತ ಮಕ್ಕಳಲ್ಲಿ ಉಳಿದವರೆಷ್ಟು, ಹೋದವರೆಷ್ಟು ಎಂಬುದನ್ನು ಯಾವ ಯಂತ್ರವೂ ಹೇಳಲಾರದು. ಮನೆಯಲ್ಲಿ ಕೂತು ಬರೆದುಕೊಳ್ಳಬೇಕಾದ ಕೆಲಸ ಅದು. ಪೌತಿ ಖಾತೆಗೆಂದು ನಾಡಕಚೇರಿಗೆ ವಂಶವೃಕ್ಷ ಕೊಡುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡುವ ಚಾಳಿ ನಮ್ಮಲ್ಲಿ ಬಹಳ ಕಾಲ ಇತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಪಾಲು ಸಿಕ್ಕ ಮೇಲೆ ಆ ಹೆಸರುಗಳು ಕಾಗದಕ್ಕೆ ಬಂದವು. ಕಾನೂನು ಮಗಳ ಹೆಸರಿನವರೆಗೆ ತಂದು ನಿಲ್ಲಿಸಿದೆ. ಅಲ್ಲಿಂದ ಮುಂದಕ್ಕೆ, ಮಗಳ ಮಗಳವರೆಗೆ, ಹಿಂದಕ್ಕೆ, ಅಜ್ಜಿಯ ತಾಯಿಯವರೆಗೆ ಬರೆಯುವುದು ನಮ್ಮ ಪಾಲಿನ ಕೆಲಸ.

ಶಾಲೆಯ ಮೇಷ್ಟ್ರುಗಳು ಮನಸ್ಸು ಮಾಡಿದರೆ ಇದು ಸುಲಭ. ಏಳನೇ ಕ್ಲಾಸಿನ ಒಂದೊಂದು ಮಗುವೂ ತನ್ನ ತಾಯಿ, ತಾಯಿಯ ತಾಯಿ, ಅವರ ತಾಯಿ, ಹೀಗೆ ಸಿಕ್ಕಷ್ಟು ಹೆಸರು, ಪಕ್ಕದಲ್ಲಿ ಹುಟ್ಟಿದ ಊರು ಬರೆದು ತರಲಿ. ಮೂರು ತಾಲ್ಲೂಕಿನ ನಕ್ಷೆಯ ಮೇಲೆ ಆ ಊರುಗಳನ್ನು ಗೆರೆ ಎಳೆದು ಸೇರಿಸಿದರೆ ಈ ಸೀಮೆಯನ್ನು ಯಾರು ನಡೆದು ಕಟ್ಟಿದರು ಎಂಬುದು ಮಕ್ಕಳಿಗೆ ತಾವಾಗಿ ತಿಳಿಯುತ್ತದೆ. ಈ ಹೆಸರುಗಳನ್ನು ಬಲ್ಲವರು ಈಗ ಎಂಬತ್ತು ದಾಟಿದ ಅಜ್ಜಿಯರು. ಅವರನ್ನು ಈ ಭಾನುವಾರವೇ ಕೂರಿಸಿಕೊಂಡು ಕೇಳಿ, ಬರೆದಿಡಿ.